ಕ್ಲಿಫ್ ಜಾಗಕ್ಕೆ ಬಂದವರು: ಮೆಟಾಲಿಕಾದ ಮುಗಿಯದ ಬೇಸ್ ಜಗಳ

ಮೊದಲು ಒಂದು ಕೆಲಸ ಮಾಡಿ, ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತಿನ ಮಾತು ಬೇಸ್ ಗಿಟಾರ್ ಬಗ್ಗೆ. ನಾಲ್ಕು ತಂತಿಯ ಬೇಸ್‌ನಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರವನ್ನು ಹೊರಡಿಸೋ ತಾಕತ್ತು ಫೋನಿನ ಪುಟ್ಟ ಸ್ಪೀಕರ್‌ಗೆ ಇಲ್ಲ. ಆದರೆ ಎಂಥಾ ದುಬಾರಿ ಇಯರ್‌ಫೋನ್ ಹಾಕಿದ್ರೂ ಬೇಸ್ ಕೇಳಿಸದ ಒಂದು ಆಲ್ಬಮ್ ಇದೆ. 1988ರಲ್ಲಿ ಬಂದ ಮೆಟಾಲಿಕಾದ 'ಆ್ಯಂಡ್ ಜಸ್ಟಿಸ್ ಫಾರ್ ಆಲ್'. ಅದು ತಾಂತ್ರಿಕ ಎಡವಟ್ಟಲ್ಲ.

ಮೆಟಾಲಿಕಾ ಅಭಿಮಾನಿಗಳು ಇಬ್ಬರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತೆ: ಕ್ಲಿಫ್ ಬರ್ಟನ್, ಜೇಸನ್ ನ್ಯೂಸ್ಟೆಡ್, ರಾಬರ್ಟ್ ಟ್ರುಹಿಯೊ, ಈ ಮೂವರಲ್ಲಿ ಯಾರು ದೊಡ್ಡವರು? ಯಾರ ಬೆರಳು ವೇಗ, ಯಾರ ಸೌಂಡ್ ದಪ್ಪ, ಇತ್ಯಾದಿ. ನನಗೆ ಅನಿಸೋದು, ಈ ಜಗಳ ಬೆರಳಿನದ್ದಲ್ಲ. ಸತ್ತವನ ಕುರ್ಚಿಯಲ್ಲಿ ಕೂತವನನ್ನು ನಮ್ಮವನು ಅಂತ ಯಾವಾಗ ಒಪ್ಪಿಕೊಳ್ಳೋದು ಅನ್ನೋದೇ ನಿಜವಾದ ಪ್ರಶ್ನೆ.

ಕ್ಲಿಫ್ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ ಸಾಕು. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ಬ್ಯಾಂಡ್‌ಗೆ ಕ್ಲಿಫ್ ಬೇಕಾಗಿದ್ದರು. ಅವರು ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಹುಡುಗ. ನಾನು ನಿಮ್ಮೂರಿಗೆ ಬರಲ್ಲ, ಬೇಕಿದ್ರೆ ನೀವೇ ಇಲ್ಲಿಗೆ ಬನ್ನಿ ಅನ್ನೋದು ಅವರ ಷರತ್ತು. ಹೋದ್ರು! ಒಬ್ಬ ಬೇಸ್ ವಾದಕನಿಗಾಗಿ ಇಡೀ ಬ್ಯಾಂಡೇ ಗಂಟುಮೂಟೆ ಕಟ್ಟಿತು. 'ಫಾರ್ ಹೂಮ್ ದ ಬೆಲ್ ಟೋಲ್ಸ್' ಶುರುವಿನಲ್ಲಿ ಕಿರುಚೋ ಆ ಸದ್ದನ್ನು ಗಿಟಾರ್ ಅಂತ ತಿಳಿದವರು ಬಹಳ ಮಂದಿ. ಅದು ಕ್ಲಿಫ್‌ನ ಬೇಸ್. ಪ್ಲೆಕ್ಟ್ರಮ್ ಇಲ್ಲ, ಬರೀ ಬೆರಳು, ಜೊತೆಗೆ ಡಿಸ್ಟಾರ್ಷನ್ ಮತ್ತು ವಾವಾ ಪೆಡಲ್. ಗುಂಪಿನಲ್ಲಿ ಸಂಗೀತಶಾಸ್ತ್ರವನ್ನು ಓದಿಕೊಂಡವರೂ ಅವರೇ. ಬಾಖ್ ಅಂದ್ರೆ ಪ್ರಾಣ.

1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ. ಸ್ಟಾಕ್‌ಹೋಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ಕೋಪನ್‌ಹೇಗನ್‌ಗೆ ಹೊರಟಿದ್ದ ಬಸ್ಸು ಸ್ವೀಡನ್ನಿನ ಹಳ್ಳಿಗಾಡಿನ ರಸ್ತೆಯಲ್ಲಿ ಮಗುಚಿತು. ಕ್ಲಿಫ್ ಹೊರಗೆ ಎಸೆಯಲ್ಪಟ್ಟರು, ಬಸ್ಸು ಅವರ ಮೇಲೇ ಬಿತ್ತು. 24 ವರ್ಷ ಅವರಿಗೆ. ಯಾವ ಹಾಸಿಗೆ ಯಾರಿಗೆ ಅಂತ ಆ ರಾತ್ರಿ ಇಸ್ಪೀಟ್ ಎಲೆ ಎತ್ತಿದ್ದರು, ಕ್ಲಿಫ್ ಗೆದ್ದು ಆ ಜಾಗ ತಗೊಂಡಿದ್ದರು ಎಂದು ಬ್ಯಾಂಡಿನವರು ಮುಂದೆ ಹೇಳಿದ್ದಾರೆ.

ಈಗ ದಿನಾಂಕ ಗಮನಿಸಿ. ನವೆಂಬರ್ 8ಕ್ಕೆ ಹೊಸ ಬೇಸ್ ವಾದಕನ ಜೊತೆ ಮೆಟಾಲಿಕಾ ಮತ್ತೆ ವೇದಿಕೆ ಮೇಲಿತ್ತು. ಆರೇ ವಾರ! ನಮ್ಮಲ್ಲಿ ಸೂತಕ, ತಿಥಿ, ಮಾಸಿಕ ಅಂತೆಲ್ಲ ದುಃಖಕ್ಕೂ ಒಂದು ಕ್ಯಾಲೆಂಡರ್ ಇದೆಯಲ್ವಾ. ಇಪ್ಪತ್ತರ ಆಸುಪಾಸಿನ ಈ ಮೂವರಿಗೆ ಅಂಥದ್ದೇನೂ ಇರಲಿಲ್ಲ. ಆಡಿಷನ್ ಇತ್ತು, ಟೂರ್ ಇತ್ತು.

ಆಡಿಷನ್‌ಗೆ ಬಂದವರಲ್ಲಿ ಲೆಸ್ ಕ್ಲೇಪೂಲ್ ಕೂಡ ಒಬ್ಬರು, ಮುಂದೆ 'ಪ್ರೈಮಸ್' ಬ್ಯಾಂಡಿನಿಂದ ಹೆಸರಾದವರು, ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಶಾಲಾ ಗೆಳೆಯ. ಐಸ್ಲಿ ಬ್ರದರ್ಸ್ ಹಾಡು ಬಾರಿಸೋಣ್ವಾ ಅಂತ ತಮಾಷೆಗೆ ಕೇಳಿದೆ, ಯಾರೂ ನಗಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಕ್ಲೇಪೂಲ್ ಬಂದಿದ್ರೆ ಹೇಗಿರ್ತಿತ್ತು ಅನ್ನೋ ವಾದ ಇವತ್ತಿಗೂ ನಡೆಯುತ್ತೆ. ನನ್ನ ಪ್ರಕಾರ ಆರು ತಿಂಗಳೂ ನಡೀತಿರಲಿಲ್ಲ, ಬಿಡಿ.

ಆಯ್ಕೆಯಾದದ್ದು 'ಫ್ಲಾಟ್ಸಮ್ ಆ್ಯಂಡ್ ಜೆಟ್ಸಮ್' ಅನ್ನೋ ಬ್ಯಾಂಡಿನ ಜೇಸನ್ ನ್ಯೂಸ್ಟೆಡ್. ಅಪ್ಪಟ ಮೆಟಾಲಿಕಾ ಅಭಿಮಾನಿ, ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರು. ಆಮೇಲೆ ಶುರುವಾದದ್ದನ್ನು ನಮ್ಮ ಹಾಸ್ಟೆಲ್ ಭಾಷೆಯಲ್ಲಿ ರ್‍ಯಾಗಿಂಗ್ ಅನ್ನಬೇಕು. ಹೋಟೆಲಿನಲ್ಲಿ ಎಲ್ಲರ ಊಟದ ಬಿಲ್ಲನ್ನೂ ಇವರ ರೂಮಿನ ಲೆಕ್ಕಕ್ಕೆ ಬರೆಸೋದು, ಜಪಾನಿನಲ್ಲಿ ಏನೋ ಹೇಳಿ ವಸಾಬಿ ಮುದ್ದೆ ತಿನ್ನಿಸೋದು. ಒಂದೆರಡು ವಾರದ ತಮಾಷೆ ಆಗಿದ್ರೆ ಬೇರೆ ಮಾತು. ಅದು ಅಷ್ಟಕ್ಕೇ ನಿಲ್ಲಲಿಲ್ಲ. ಕ್ಲಿಫ್ ಸಾವಿನ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿಕೊಂಡೆವು ಅನ್ನೋ ಅರ್ಥದ ಮಾತನ್ನು ಬ್ಯಾಂಡಿನವರೇ ವರ್ಷಗಳ ಮೇಲೆ ಆಡಿದ್ದಾರೆ.

ಹಾಗೆ ನೋಡಿದರೆ 'ಜಸ್ಟಿಸ್' ಆಲ್ಬಮ್ ಆ ಸಿಟ್ಟಿನ ರೆಕಾರ್ಡಿಂಗ್. ಜೇಸನ್ ಹೇಳೋ ಪ್ರಕಾರ, ಬೇಸ್ ಭಾಗವನ್ನು ಅವರು ಒಬ್ಬ ಎಂಜಿನಿಯರ್ ಜೊತೆ ಒಂಟಿಯಾಗಿ ಬಾರಿಸಿ ಮುಗಿಸಿದರು, ಉಳಿದ ಮೂವರು ಅಲ್ಲಿರಲಿಲ್ಲ. ಮಿಕ್ಸ್ ಮಾಡಿದವರಲ್ಲಿ ಒಬ್ಬರಾದ ಸ್ಟೀವ್ ಥಾಂಪ್ಸನ್, ಬೇಸ್ ತಗ್ಗಿಸು, ಕೇಳಿಸಿಯೂ ಕೇಳಿಸದಂತೆ ಮಾಡು ಅಂತ ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದರು ಅಂತಾರೆ. ಇನ್ನೊಂದು ಸಮರ್ಥನೆಯೂ ಇದೆ. ಜೇಮ್ಸ್ ಹೆಟ್‌ಫೀಲ್ಡ್‌ನ ರಿದಮ್ ಗಿಟಾರ್‌ನಲ್ಲೇ ತಗ್ಗಿನ ಸದ್ದು ವಿಪರೀತ, ಜೇಸನ್ ಬೇರೆ ಅದನ್ನೇ ಸ್ವರಕ್ಕೆ ಸ್ವರ ಹಿಂಬಾಲಿಸುತ್ತಿದ್ದರು, ಹಾಗಾಗಿ ಒಂದರೊಳಗೊಂದು ಮುಳುಗಿಹೋಯ್ತು ಅಂತ. ಅದರಲ್ಲೂ ಸ್ವಲ್ಪ ನಿಜ ಇದೆ. ಆದರೆ ಮುಳುಗಿದ್ದನ್ನು ಮೇಲೆತ್ತೋಕೆ ಫೇಡರ್ ಅನ್ನೋದು ಒಂದಿದೆಯಲ್ವಾ? ಬೇಸ್ ಹಾಗೇ ಇಳಿದಿರಲಿ ಅಂದದ್ದು ಮನುಷ್ಯರ ತೀರ್ಮಾನ.

ಅದೇ ಆಲ್ಬಮ್ಮಿನಲ್ಲಿ 'ಟು ಲಿವ್ ಈಸ್ ಟು ಡೈ' ಅಂತ ಒಂದು ಹಾಡಿದೆ. ಕ್ಲಿಫ್ ಬಿಟ್ಟುಹೋದ ತುಣುಕುಗಳಿಂದ ಕಟ್ಟಿದ್ದು. ರಚನೆಕಾರರ ಪಟ್ಟಿಯಲ್ಲಿ ಕ್ಲಿಫ್ ಹೆಸರು ಸರಿಯಾಗಿಯೇ ಇದೆ. ಅಂದರೆ ತೀರಿಕೊಂಡ ಬೇಸ್ ವಾದಕ ಈ ಆಲ್ಬಮ್ಮಿನಲ್ಲಿ ಇದ್ದಾನೆ, ಬದುಕಿರುವ ಬೇಸ್ ವಾದಕ ಇಲ್ಲ. ಜೇಸನ್ ಕೆಲಸಕ್ಕೆ ಬರ್ತಿರಲಿಲ್ಲ ಅನ್ನೋರಿಗೆ ನಾನು ತೋರಿಸೋದು ಮೊದಲ ಹಾಡು 'ಬ್ಲಾಕೆಂಡ್'. ಅದರ ರಚನೆಯಲ್ಲಿ ಜೇಸನ್ ಪಾಲಿದೆ, ಹೆಸರೂ ಇದೆ. ಅವರ ಬೇಸ್ ಮಾತ್ರ ಕೇಳಲ್ಲ.

1991ರ 'ಬ್ಲ್ಯಾಕ್ ಆಲ್ಬಮ್' ಹೊತ್ತಿಗೆ ನಿರ್ಮಾಪಕ ಬಾಬ್ ರಾಕ್ ಬಂದರು, ಬೇಸ್‌ಗೂ ಜಾಗ ಸಿಕ್ಕಿತು, ಬ್ಯಾಂಡ್ ಜಗತ್ಪ್ರಸಿದ್ಧವಾಯ್ತು. ಆದರೂ ಜೇಸನ್ ಒಳಗಿನವರಾದರು ಅನ್ನೋ ಹಾಗಿಲ್ಲ. 'ಎಕೋಬ್ರೇನ್' ಅನ್ನೋ ಇನ್ನೊಂದು ಬ್ಯಾಂಡ್ ಜೊತೆ ಆಲ್ಬಮ್ ಹೊರತರಲು ಹೊರಟಾಗ ಹೆಟ್‌ಫೀಲ್ಡ್ ಒಪ್ಪಲಿಲ್ಲ. ವರ್ಷಾನುಗಟ್ಟಲೆ ತಲೆ ಕುಣಿಸಿ ಕುತ್ತಿಗೆಯೂ ಹಾಳಾಗಿತ್ತು. 2001ರ ಜನವರಿಯಲ್ಲಿ, 14 ವರ್ಷದ ನಂತರ, ಹೊರಟೇಬಿಟ್ಟರು.

ಈ ಸಲ ಬ್ಯಾಂಡ್ ಅವಸರ ಮಾಡಲಿಲ್ಲ. 2003ರ 'ಸೇಂಟ್ ಆ್ಯಂಗರ್' ಆಲ್ಬಮ್‌ಗೆ ಬಾಬ್ ರಾಕ್ ಅವರೇ ಬೇಸ್ ಬಾರಿಸಿದರು. ನಡುವೆ ಹೆಟ್‌ಫೀಲ್ಡ್ ಕುಡಿತ ಬಿಡೋಕೆ ಚಿಕಿತ್ಸೆಗೆ ಹೋದರು, ಬ್ಯಾಂಡ್ ಒಬ್ಬ ಥೆರಪಿಸ್ಟ್‌ನನ್ನು ಇಟ್ಟುಕೊಂಡಿತು, ಇದೆಲ್ಲ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಸಾಕ್ಷ್ಯಚಿತ್ರದಲ್ಲಿದೆ. ಆಡಿಷನ್‌ಗಳೂ ಅದರಲ್ಲಿವೆ, ತಪ್ಪದೆ ನೋಡಿ. ಗೆದ್ದದ್ದು ರಾಬರ್ಟ್ ಟ್ರುಹಿಯೊ. 'ಸುಸೈಡಲ್ ಟೆಂಡೆನ್ಸೀಸ್' ಬ್ಯಾಂಡಿನಲ್ಲಿ, ಆಮೇಲೆ ಓಝಿ ಓಸ್ಬೋರ್ನ್ ಜೊತೆ ನುಡಿಸಿದವರು. ಕ್ಲಿಫ್ ಥರ ಬೆರಳಲ್ಲೇ ಬಾರಿಸ್ತಾರೆ. ಜೇಸನ್ ಪ್ಲೆಕ್ಟ್ರಮ್ ಹಿಡಿಯುತ್ತಿದ್ದದ್ದೂ ಅಭಿಮಾನಿಗಳ ದೂರುಗಳಲ್ಲಿ ಒಂದಾಗಿತ್ತು! ಟ್ರುಹಿಯೊಗೆ ಮೊದಲೇ 10 ಲಕ್ಷ ಡಾಲರ್ ಕೊಡ್ತೀವಿ ಅಂತ ಕ್ಯಾಮೆರಾ ಎದುರೇ ಹೇಳಿದರು. ಜೇಸನ್‌ಗೆ ಸಿಕ್ಕ ಸ್ವಾಗತದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಮಜಾ ಅಂದ್ರೆ, ಅದೇ ವರ್ಷ ಜೇಸನ್ ಓಝಿ ಬ್ಯಾಂಡ್ ಸೇರಿಕೊಂಡರು. ಇಬ್ಬರೂ ಕುರ್ಚಿ ಅದಲುಬದಲು ಮಾಡಿಕೊಂಡ ಹಾಗಾಯ್ತು.

ಬೆಂಗಳೂರಿನವರಿಗೆ ಗೊತ್ತಿರೋದು ಟ್ರುಹಿಯೊ ಇರೋ ಮೆಟಾಲಿಕಾನೇ. 2011ರಲ್ಲಿ ಗುರ್‌ಗಾಂವ್ ಕಾರ್ಯಕ್ರಮ ರದ್ದಾಗಿ ಗಲಾಟೆಯಾಯ್ತು, ಎರಡು ದಿನ ಬಿಟ್ಟು ಅಕ್ಟೋಬರ್ 30ಕ್ಕೆ ನಮ್ಮ ಅರಮನೆ ಮೈದಾನದಲ್ಲಿ ಬ್ಯಾಂಡಿನ ಮೊದಲ ಭಾರತದ ಕಾರ್ಯಕ್ರಮ. ಅಲ್ಲಿ ನಿಂತು ಕುಣಿದ ಎಷ್ಟೋ ಹುಡುಗರು ಕ್ಲಿಫ್ ತೀರಿಕೊಂಡಾಗ ಹುಟ್ಟಿಯೇ ಇರಲಿಲ್ಲ. ಅವರಿಗೆ ಟ್ರುಹಿಯೊ ಯಾರ ಬದಲಿಯೂ ಅಲ್ಲ. ಈಗಂತೂ ಅವರು ಮಿಕ್ಕ ಎಲ್ಲ ಬೇಸ್ ವಾದಕರಿಗಿಂತ ಹೆಚ್ಚು ಕಾಲ ಮೆಟಾಲಿಕಾದಲ್ಲಿದ್ದಾರೆ. ಹಾಗಂತ ಟ್ರುಹಿಯೊ ಒಪ್ಪಿತರಾದದ್ದು ಜೇಸನ್‌ಗಿಂತ ಒಳ್ಳೆಯ ವಾದಕ ಅನ್ನೋ ಕಾರಣಕ್ಕೆ ಅಂತ ನಾನು ಒಪ್ಪಲ್ಲ. ಜೇಸನ್ ಬಂದದ್ದು ಸಾವಿನ ಮನೆಗೆ. ಟ್ರುಹಿಯೊ ಬಂದದ್ದು, ಒಬ್ಬ ಬದುಕಿರುವವನನ್ನು ತಾವೇ ಕಳೆದುಕೊಂಡೆವು ಅಂತ ಗೊತ್ತಾದ ಮನೆಗೆ.

2009ರ ಏಪ್ರಿಲ್ 4ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭ ನಡೆಯಿತು. ಕ್ಲಿಫ್ ಪರವಾಗಿ ಅವರ ತಂದೆ ರೇ ಬರ್ಟನ್ ವೇದಿಕೆಗೆ ಬಂದರು. ಆಮೇಲೆ ಜೇಸನ್, ಟ್ರುಹಿಯೊ ಇಬ್ಬರೂ ಬೇಸ್ ಹೆಗಲಿಗೇರಿಸಿಕೊಂಡು ಒಟ್ಟಿಗೇ ನುಡಿಸಿದರು.

2018ರಲ್ಲಿ 'ಜಸ್ಟಿಸ್' ಆಲ್ಬಮ್ ರೀಮಾಸ್ಟರ್ ಆಗಿ ಮತ್ತೆ ಬಂತು. ಈ ಸಲ ಖಂಡಿತಾ ಬೇಸ್ ಏರಿಸ್ತಾರೆ ಅಂತ ಕಾದವರು ಬಹಳ. ಏರಿಸಲಿಲ್ಲ. ಆ ಕಾಲದಲ್ಲಿ ಹೇಗಿತ್ತೋ ಹಾಗೇ ಇರಲಿ ಅನ್ನೋದು ಬ್ಯಾಂಡಿನ ನಿಲುವು. ಅಭಿಮಾನಿಗಳು ಸುಮ್ಮನಿರ್ತಾರಾ? ತಾವೇ ಬೇಸ್ ಸೇರಿಸಿ, 'ಆ್ಯಂಡ್ ಜಸ್ಟಿಸ್ ಫಾರ್ ಜೇಸನ್' ಅಂತ ಹೆಸರಿಟ್ಟು ಯೂಟ್ಯೂಬ್‌ಗೆ ಹಾಕಿದ್ದಾರೆ. ಹೇಗೂ ಇಯರ್‌ಫೋನ್ ಹಾಕ್ಕೊಂಡಿದ್ದೀರಿ. ಮೊದಲು ಮೂಲ 'ಬ್ಲಾಕೆಂಡ್' ಕೇಳಿ, ಆಮೇಲೆ ಅದನ್ನು ಕೇಳಿ.