ಗದಗ ಸೀಮೆಯಲ್ಲಿ ಮನೆ ಸಾಮಾನು ಕಟ್ಟುವ ರೀತಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಳೆಯ ಮನೆಗಳಲ್ಲಿ ಅರ್ಧ ಸಾಮಾನು ನೆಲಕ್ಕೇ ಸೇರಿದ್ದಾಗಿತ್ತು. ಜೋಳ ತುಂಬುವ ಹಗೇವು ನೆಲದೊಳಗೆ, ಒಳಕಲ್ಲು ಅಡಿಗೆಮನೆಯ ನೆಲದಲ್ಲಿ ಹೂತದ್ದು, ಒಲೆ ಮಣ್ಣಿನದು. ಬೆಟಗೇರಿಯ ನೇಕಾರರ ಕುಣಿಮಗ್ಗವೂ ಹೀಗೆಯೇ. ಲಾಳಿ, ಹಣಗಿ, ಮರದ ಚೌಕಟ್ಟು ಹೊಸ ಮನೆಗೆ ಬಂದರೂ ಅಲ್ಲಿ ಮತ್ತೊಂದು ಕುಣಿ ತೋಡುವವರೆಗೆ ನೇಯ್ಗೆ ಶುರುವಾಗುತ್ತಿರಲಿಲ್ಲ. ಮನೆ ಬಿಡುವವರು ನೆಲಕ್ಕೆ ಸೇರಿದ್ದನ್ನೆಲ್ಲ ಅಲ್ಲೇ ಬಿಟ್ಟು, ಹೊರಬಹುದಾದದ್ದನ್ನು ಮಾತ್ರ ಚಕ್ಕಡಿಗೆ ಹೇರುತ್ತಿದ್ದರು.

ಹೇರುವುದಕ್ಕೂ ಒಂದು ಕ್ರಮವಿತ್ತು. ಬೀಸುಕಲ್ಲಿನ ಗೂಟ ತೆಗೆದು, ಎರಡು ಕಲ್ಲುಗಳನ್ನೂ ಬೇರೆ ಮಾಡಿ, ಅಚ್ಚಿನ ಮೇಲೆ ಭಾರ ಕೂಡುವಂತೆ ಚಕ್ಕಡಿಯ ತಳಕ್ಕೆ ಇಡಬೇಕು. ಕಲ್ಲು ಮೇಲಿದ್ದರೆ ಗಾಲಿ ಕೊರಕಲಿಗೆ ಇಳಿದಾಗ ಕೆಳಗಿನದೆಲ್ಲ ಚೂರು. ತಾಮ್ರದ ಹಂಡೆಯೊಳಗೆ ಕೊಡ, ಕೊಡದೊಳಗೆ ತಂಬಿಗೆ. ಲೋಹಕ್ಕೆ ಲೋಹ ತಾಗದಂತೆ ನಡುವೆ ಹಳೆಯ ಸೀರೆ. ಎಲ್ಲಕ್ಕಿಂತ ಕಷ್ಟದ್ದು ನೀರಿನ ಹರವಿ. ಅದರ ದುಂಡು ತಳ ಎಲ್ಲಿಯೂ ನಿಲ್ಲುವುದಿಲ್ಲ. ಹುಲ್ಲಿನ ಸಿಂಬಿ ಮಾಡಿ, ಅದರ ಮೇಲೆ ಹರವಿಯನ್ನು ಕೂರಿಸಿ, ಸುತ್ತ ಶೇಂಗಾ ಹೊಟ್ಟು ತುಂಬಿದರೆ ಅಲುಗಾಡದೆ ಊರು ಮುಟ್ಟುತ್ತಿತ್ತು. ಹೊಟ್ಟೂ ದಂಡವಾಗುತ್ತಿರಲಿಲ್ಲ, ಇಳಿಸಿದ ಮೇಲೆ ಅದೇ ಎತ್ತುಗಳ ಮೇವು. ಮೇಲೆ ಕೌದಿ ಹೊದಿಸಿ ಪುಂಡಿ ನಾರಿನ ಹಗ್ಗದಿಂದ ಬಿಗಿದರೆ ಹೇರು ಮುಗಿಯಿತು. ಕಟ್ಟುವ ಸಾಮಗ್ರಿಗೆಂದು ಅಂಗಡಿಗೆ ಹೋಗಬೇಕಾಗಿರಲಿಲ್ಲ. ಎಲ್ಲವೂ ಹೊಲದ್ದು, ಇಲ್ಲವೇ ಮನೆಯದು.

ಕಾಲವನ್ನೂ ನೋಡಬೇಕಾಗಿತ್ತು. ಮಳೆ ಬಿದ್ದ ಎರೆಭೂಮಿಯಲ್ಲಿ ತುಂಬಿದ ಚಕ್ಕಡಿ ಅಚ್ಚಿನವರೆಗೂ ಹೂತುಕೊಳ್ಳುತ್ತದೆ. ಆದ್ದರಿಂದ ಸುಗ್ಗಿ ಮುಗಿದು ಮುಂಗಾರು ಹಿಡಿಯುವ ಮುಂಚಿನ ಒಣ ತಿಂಗಳುಗಳೇ ಮನೆ ಬದಲಿಸಲು ತಕ್ಕವು. ಆಷಾಢದಲ್ಲಿ ಹೊಸ ಮನೆ ಹೊಗಬಾರದೆಂಬ ನಂಬಿಕೆಗೆ ಈ ಕೆಸರೂ ಬೆಂಬಲವಾಗಿ ನಿಂತಿತ್ತು.

ಸರಕು ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಗದಗ ಹತ್ತಿಯ ಪೇಟೆ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಅಂಡಿಗೆಗಳಲ್ಲಿ ತುಂಬಿ, ಹೇರೆತ್ತುಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಎತ್ತಿನ ಎರಡೂ ಬದಿಗೆ ತೂಕ ಸಮನಾಗದಿದ್ದರೆ ಹೇರು ಜಾರುತ್ತದೆಂಬುದನ್ನು ಇಲ್ಲಿಯ ಹಮಾಲರಿಗೆ ಯಾರೂ ಕಲಿಸಬೇಕಿರಲಿಲ್ಲ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗಕ್ಕೆ ಬಂದಾಗ ಹತ್ತಿಯ ದಾರಿ ಬದಲಾಯಿತು, ಮನೆ ಸಾಮಾನಿನ ರೂಪವೂ ಬದಲಾಯಿತು. ರೈಲಿಗೆ ಹಾಕುವ ಗಂಟನ್ನು ಗುರುತಿಲ್ಲದ ಕೈಗಳು ಎತ್ತಿ ಇಳಿಸುತ್ತವೆ. ಹಾಗಾಗಿ ಮೂಟೆಯ ಜಾಗಕ್ಕೆ ತಗಡಿನ ಟ್ರಂಕು ಬಂತು, ಅದಕ್ಕೆ ಬೀಗ, ಮೇಲೆ ಬಣ್ಣದಲ್ಲಿ ಬರೆದ ಹೆಸರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳಿಗೆ ಮಾತ್ರ ಹಳಿ ಬರಲಿಲ್ಲ. ಮಿರಜ್ ಸಂಸ್ಥಾನಕ್ಕೆ ಸೇರಿದ್ದ ಲಕ್ಷ್ಮೇಶ್ವರದವರು ಯಲವಿಗಿ ಸ್ಟೇಷನ್ನಿಗೋ ಗದಗಕ್ಕೋ ಚಕ್ಕಡಿಯಲ್ಲೇ ಸಾಮಾನು ತರಬೇಕಾಗಿತ್ತು. ಒಮ್ಮೆ ಹೇರಿದ್ದನ್ನು ಇಳಿಸಿ ಮತ್ತೆ ಹೇರುವ ಈ ನಡುಹಾದಿಯಲ್ಲೇ ಗಡಿಗೆಗಳು ಹೆಚ್ಚು ಒಡೆಯುತ್ತಿದ್ದವು.

ಕಟ್ಟುವುದು, ಬಿಚ್ಚುವುದನ್ನೇ ಬದುಕಾಗಿಸಿಕೊಂಡವರು ನಾಟಕ ಕಂಪನಿಯವರು. 1870ರ ದಶಕದಲ್ಲಿ ಶಾಂತಕವಿಗಳು ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗಳು ಊರಿಂದೂರಿಗೆ ಸಂಚರಿಸಿದವು. ಒಂದು ಕ್ಯಾಂಪು ಎತ್ತಿದಾಗ ಪರದೆಗಳು, ಉಡುಪು, ಕಾಲುಪೆಟ್ಟಿಗೆ ಹಾರ್ಮೋನಿಯಂ, ಅಡಿಗೆಯ ಪಾತ್ರೆ ಎಲ್ಲವೂ ಹೊರಡಬೇಕು. ಬಣ್ಣದ ಪರದೆಯನ್ನು ಮಡಿಸಿದರೆ ಮಡಿಕೆಯಲ್ಲಿ ಬಣ್ಣ ಒಡೆಯುತ್ತದೆ. ಗಳಕ್ಕೆ ಸುತ್ತಿಯೇ ಒಯ್ಯಬೇಕು. ಗದಗದ ಸಂಸಾರಗಳು ವರ್ಷಗಳಿಗೊಮ್ಮೆ ಮಾಡುವ ಕೆಲಸವನ್ನು ಈ ಕಂಪನಿಗಳು ವರ್ಷಕ್ಕೆ ಹಲವು ಸಲ ಮಾಡಿದವು. ಕನ್ನಡ ರಂಗಭೂಮಿಯ ಚರಿತ್ರೆ ಬರೆಯುವಾಗ ಈ ದುಡಿಮೆಗೂ ಒಂದು ಪುಟ ಸಲ್ಲಬೇಕು.

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಿಕ್ಸರ್, ಟಿವಿ, ಫ್ರಿಜ್ ಮನೆ ಹೊಕ್ಕವು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾದಾಗ ಜಿಲ್ಲಾ ಕಚೇರಿಗಳು ಬಂದವು, ವರ್ಗವಾಗಿ ಬಂದು ಹೋಗುವ ನೌಕರರ ಸಂಸಾರಗಳೂ ಬಂದವು. ಚಕ್ಕಡಿಯ ಕೆಲಸ ಟ್ರ್ಯಾಕ್ಟರಿಗೆ, ಟೆಂಪೊಗೆ ದಾಟಿತು. ದೊಡ್ಡ ಬದಲಾವಣೆ ಗಾಡಿಯದಲ್ಲ, ಕೇಡಿನ ಸ್ವರೂಪದ್ದು. ಹರವಿ ಬಿರಿದರೆ ಕಣ್ಣಿಗೆ ಕಾಣುತ್ತದೆ. ಯಂತ್ರಕ್ಕಾದ ಪೆಟ್ಟು ಒಳಗಿದ್ದು, ಸ್ವಿಚ್ ಹಾಕಿದಾಗ ತಿಳಿಯುತ್ತದೆ.

ಫ್ರಿಜ್ಜನ್ನು ಅಡ್ಡ ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಆದ್ದರಿಂದ ಹಿಂದಿನ ದಿನವೇ ಬಂದ್ ಮಾಡಿ, ಹಿಮ ಕರಗಿಸಿ, ನೀರು ಒರೆಸಿ, ಗಾಜಿನ ತಟ್ಟೆಗಳನ್ನು ಬೇರೆ ಕಟ್ಟಿ, ಬಾಗಿಲು ಬಿಗಿದು, ನಿಂತಂತೆಯೇ ಒಯ್ಯಬೇಕು. ಇಳಿಸಿದ ಮೇಲೆ ಕೆಲವು ಗಂಟೆ, ದಾರಿಯಲ್ಲಿ ಮಲಗಿಸಿದ್ದರೆ ಒಂದು ದಿನ, ನಿಲ್ಲಿಸಿ ಆಮೇಲೆ ಕರೆಂಟು ಕೊಡಬೇಕು. ಮುಂಬಾಗಿಲಿನ ವಾಷಿಂಗ್ ಮಷೀನಿನ ಡ್ರಮ್ಮು ಸ್ಪ್ರಿಂಗಿಗೆ ತೂಗುಬಿದ್ದಿರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಬೋಲ್ಟುಗಳನ್ನು ಹೊಸ ಮಷೀನು ಕೂರಿಸುವಾಗ ಬಿಚ್ಚುತ್ತಾರೆ. ಅವನ್ನು ಎಸೆಯದೆ ಇಟ್ಟುಕೊಂಡು, ಮನೆ ಬದಲಿಸುವಾಗ ಮತ್ತೆ ಹಾಕಬೇಕು; ಪೈಪಿನ ನೀರನ್ನೂ ಬಸಿಯಬೇಕು. ದೊಡ್ಡ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯ ಭಾರವೆಲ್ಲ ಗಾಜಿನ ಮುಖದ ಕಡೆ. ಅದನ್ನು ಮುಖ ಎದೆಗೊತ್ತಿ ಎತ್ತಬೇಕಾಗಿತ್ತು. ಈಗಿನ ತೆಳು ಟಿವಿಯನ್ನು ಮಲಗಿಸದೆ, ಎರಡು ಹಾಸಿಗೆಗಳ ನಡುವೆ ನಿಲ್ಲಿಸಿ ಒಯ್ಯುವುದು ಕ್ಷೇಮ. ಗ್ರೈಂಡರಿಗೆ ಬೀಸುಕಲ್ಲಿನ ಪಾಠವೇ ಸಾಕು: ಕಲ್ಲು ಬೇರೆ ಮಾಡಿ, ಗೋಣಿ ಸುತ್ತಿ, ತಳಕ್ಕೆ ಇಡಬೇಕು.

ಅಡಿಗೆ ಗ್ಯಾಸಿನ ಸಿಲಿಂಡರನ್ನು ಸಾಮಾನಿನ ನಡುವೆ ಹೇರಬಾರದು. ಬೇರೆ ಏಜೆನ್ಸಿಯ ಊರಿಗೆ ಹೋಗುವವರು ಸಿಲಿಂಡರ್, ರೆಗ್ಯುಲೇಟರುಗಳನ್ನು ಹಳೆಯ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆಯುತ್ತಾರೆ. ಗಾಡಿಗೆ ಹತ್ತುವುದು ಒಲೆ ಮಾತ್ರ.