ಕಲ್ಪಸಂಖ್ಯೆ

ಬ್ರಹ್ಮನ ಒಂದು ಹಗಲಿಗೆ, ಎಂದರೆ ಒಂದು ಕಲ್ಪಕ್ಕೆ, ಭಾರತೀಯ ಜ್ಯೋತಿರ್ಗಣಿತ ಹೇಳುವ ಸೌರವರ್ಷಗಳ ಮೊತ್ತ: 432,00,00,000. ಸಾವಿರ ಮಹಾಯುಗ ಸೇರಿದರೆ ಒಂದು ಕಲ್ಪ. ಮಹಾಯುಗಕ್ಕೆ 43,20,000 ವರ್ಷ. ಪೂಜೆಯ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ ಎಂದು ಇಳಿದುಬರುವ ಲೆಕ್ಕಕ್ಕೆ ಇದೇ ಬುಡ. ಮೈಸೂರಿನ ಒಂಟಿಕೊಪ್ಪಲಿನ ಹೆಸರು ಹೊತ್ತ ಪಂಚಾಂಗವನ್ನು ಯುಗಾದಿಗೆ ತಂದು ಮೊಳೆಗೆ ನೇತುಹಾಕುವ ಮನೆಗಳಲ್ಲಿ ತಿಥಿ, ನಕ್ಷತ್ರ, ರಾಹುಕಾಲ ನೋಡುವವರೇ ಹೆಚ್ಚು. ಗತಕಲಿ, ಎಂದರೆ ಕಲಿಯುಗದಲ್ಲಿ ಸಂದ ವರ್ಷ, ಎಷ್ಟಾಯಿತೆಂದು ಕೇಳುವವರು ಕಡಿಮೆ. 2025ರ ಯುಗಾದಿಗೆ ಅದು 5126. ಕಲ್ಪಾರಂಭದಿಂದ ಕಲಿ ಹುಟ್ಟುವವರೆಗೆ ಸಂದದ್ದು ಇನ್ನೂ 197,29,44,000 ವರ್ಷ.

ಕಲ್ಪದ 432,00,00,000 ಎಂಬ ಇಷ್ಟು ದೊಡ್ಡ ಸಂಯುಕ್ತ ಸಂಖ್ಯೆಯನ್ನು ಬಿಡಿಸಿದರೆ ಸಿಗುವ ಅವಿಭಾಜ್ಯ ಅಪವರ್ತನಗಳು ಮೂರೇ: 2¹¹ × 3³ × 5⁷. ಭಾಜಕಗಳ ಸಂಖ್ಯೆ 12 × 4 × 8 = 384. ಗಾತ್ರಕ್ಕೆ ಹೋಲಿಸಿದರೆ ಇದು ಅಂಥ ಹೆಚ್ಚೇನಲ್ಲ. ಇದಕ್ಕಿಂತ ಚಿಕ್ಕದಾದ 349,18,88,400ಕ್ಕೆ 1920 ಭಾಜಕಗಳಿವೆ, ಏಕೆಂದರೆ ಅದರಲ್ಲಿ 19ರವರೆಗಿನ ಎಲ್ಲ ಅವಿಭಾಜ್ಯಗಳೂ ಕೂಡಿವೆ. ಕಲ್ಪಸಂಖ್ಯೆಯ ಬಲ ಬೇರೆ ಕಡೆ ಇದೆ. 2, 3, 5 ಎಂದರೆ 60ರ ಅಪವರ್ತನಗಳು. ಗಳಿಗೆ, ವಿಗಳಿಗೆ, ಅಂಶ, ಕಲೆಗಳ ಲೆಕ್ಕವೆಲ್ಲ ನಡೆಯುವುದು ಅರವತ್ತರ ಮೇಲೆ. ಕಲಿಯುಗದ 4,32,000 ವರ್ಷ ಎಂದರೆ 60ರ ಘನದ ಎರಡರಷ್ಟು. ಬ್ಯಾಬಿಲೋನಿನ ಪುರೋಹಿತ ಬೆರೋಸಸ್ ಪ್ರಳಯಪೂರ್ವದ ಅರಸರಿಗೆ ಕೊಟ್ಟ ಒಟ್ಟು ಆಳ್ವಿಕೆಯೂ 4,32,000 ವರ್ಷವೇ.

ಕಲ್ಪಸಂಖ್ಯೆಯ ಅಪವರ್ತನಗಳಲ್ಲಿ 7 ಇಲ್ಲ. ಕಲ್ಪವನ್ನು ಆಳಬೇಕಾದ ಮನುಗಳಾದರೋ ಹದಿನಾಲ್ಕು. ಸಾವಿರ ಮಹಾಯುಗಗಳನ್ನು 14ರಿಂದ ಭಾಗಿಸಿದರೆ ತಲಾ 71 ಬಂದು 6 ಶೇಷ ಉಳಿಯುತ್ತದೆ. ಸೂರ್ಯಸಿದ್ಧಾಂತವೆಂಬ ಜ್ಯೋತಿರ್ಗಣಿತ ಗ್ರಂಥ ಈ ಶೇಷವನ್ನು ಹದಿನೈದು ಸಂಧಿಗಳಾಗಿ ಹಂಚಿ, ಮನ್ವಂತರಗಳ ಆದಿ, ಅಂತ್ಯ, ನಡುವೆ ಸೇರಿಸುತ್ತದೆ. ಒಂದೊಂದು ಸಂಧಿ ಕೃತಯುಗದಷ್ಟು, 17,28,000 ವರ್ಷ. ಹದಿನೈದು ಸೇರಿದರೆ ಸರಿಯಾಗಿ ಆರು ಮಹಾಯುಗ. ಆರ್ಯಭಟ ಹಿಡಿದದ್ದು ನೇರ ದಾರಿ: ಮನುವಿಗೆ 72 ಮಹಾಯುಗ, ಕಲ್ಪಕ್ಕೆ 1008. ಆಗ ಸಂಖ್ಯೆ 435,45,60,000 ಆಗಿ 7 ಒಳಗೆ ಬರುತ್ತದೆ, ಭಾಜಕಗಳು 780ಕ್ಕೆ ಏರುತ್ತವೆ. ಯುಗಗಳನ್ನೂ 4:3:2:1 ಎಂದು ಹಂಚದೆ ತಲಾ 10,80,000 ವರ್ಷದ ನಾಲ್ಕು ಪಾದಗಳಾಗಿ ಅವನು ಸಮನಾಗಿ ಕತ್ತರಿಸಿದ. ಸ್ಮೃತಿಗೆ ವಿರುದ್ಧವೆಂದು ಬ್ರಹ್ಮಗುಪ್ತ ಇದನ್ನು ಕಟುವಾಗಿಯೇ ಖಂಡಿಸಿದ್ದಾನೆ. ಲೆಕ್ಕದ ಅಂದ ನೋಡುವವರಿಗೆ ಆರ್ಯಭಟನ ಹಂಚಿಕೆಯೇ ಹೆಚ್ಚು ಹಿಡಿಸೀತು.

ಆ 10,80,000 ಸೂರ್ಯಸಿದ್ಧಾಂತದಲ್ಲೂ ಅಡಗಿ ಕೂತಿದೆ. ಅದರ ಪ್ರಕಾರ ಒಂದು ಮಹಾಯುಗಕ್ಕೆ 157,79,17,828 ದಿನಗಳು. ಈ ಸಂಖ್ಯೆಗೂ 43,20,000ಕ್ಕೂ ಮ.ಸಾ.ಅ. ಕೇವಲ 4. ಚಂದ್ರನ 5,77,53,336, ಗುರುವಿನ 3,64,220, ಶನಿಯ 1,46,568 ಭಗಣಗಳು, ಎಂದರೆ ಮಹಾಯುಗದಲ್ಲಿ ಅವು ಸುತ್ತುವ ಸುತ್ತುಗಳು, 4ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಉಳಿದ ಗ್ರಹಗಳವೂ ಹಾಗೆಯೇ. ಹೀಗಾಗಿ ಪ್ರತಿ 10,80,000 ವರ್ಷಕ್ಕೆ, 39,44,79,457 ದಿನಗಳು ತುಂಬಿದಾಗ, ಮಧ್ಯಮ ಗ್ರಹಗಳೆಲ್ಲ, ಎಂದರೆ ಸರಾಸರಿ ವೇಗದಿಂದ ಲೆಕ್ಕ ಹಾಕಿದ ಗ್ರಹಸ್ಥಾನಗಳೆಲ್ಲ, ಮೇಷದ ಆದಿಯಲ್ಲಿ ಕೂಡುತ್ತವೆ.

ಈ ಸಲದ ಕೃತಯುಗದ ಕೊನೆಗೆ ಅಂಥ ಕೂಟವಾಗಿತ್ತು ಎಂಬುದು ಸೂರ್ಯಸಿದ್ಧಾಂತದ ಹೇಳಿಕೆ. ಕಲ್ಪಾರಂಭದಿಂದ ಅಲ್ಲಿಗೆ ಆದದ್ದು 197,07,84,000 ವರ್ಷ. 10,80,000ದಿಂದ ಭಾಗಿಸಿದರೆ 1824.8 ಬಂದು ಲೆಕ್ಕ ಕೆಡುತ್ತದೆ. ಸೃಷ್ಟಿಕಾರ್ಯಕ್ಕೇ 1,70,64,000 ವರ್ಷ ಹಿಡಿಯಿತು, ಗ್ರಹಗಳು ಹೊರಟದ್ದು ಅದಾದ ಮೇಲೆ ಎನ್ನುತ್ತದೆ ಗ್ರಂಥ. ಅದನ್ನು ಕಳೆದರೆ 195,37,20,000, ಎಂದರೆ ಪೂರ್ತಿ 1809 ಆವರ್ತ. ಸೃಷ್ಟಿಗೆ ಬೇಕಾದ ಕಾಲವನ್ನು ಗೊತ್ತುಮಾಡಿದ್ದು ಭಾಗಾಕಾರವೇ ಎನ್ನಲು ಇಷ್ಟು ಸಾಕು.