ಜೈಂಟ್ಸ್ ಕೈಬಿಟ್ಟ ಓಟಗಾರ

2024ರ ಮಾರ್ಚ್‌ನಲ್ಲಿ ಅಮೆರಿಕದ ಫುಟ್‌ಬಾಲ್ ಲೀಗ್‌ನ ನ್ಯೂಯಾರ್ಕ್ ಜೈಂಟ್ಸ್ ತಂಡ ತನ್ನ ಅತ್ಯುತ್ತಮ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಅವರನ್ನು ಉಳಿಸಿಕೊಳ್ಳದೆ ಬಿಟ್ಟುಬಿಟ್ಟಿತು. ಅವರು ಸೇರಿದ್ದು ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು. ಎರಡೂ ಒಂದೇ ವಿಭಾಗದ ತಂಡಗಳು. ಪ್ರತಿ ಋತುವಿನಲ್ಲೂ ಎರಡು ಸಲ ಮುಖಾಮುಖಿಯಾಗುವ ಇವುಗಳ ಹಗೆತನ 1930ರ ದಶಕದಷ್ಟು ಹಳೆಯದು. ಮೂರು ವರ್ಷಕ್ಕೆ 3.775 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಮುಂದಿನ ಹನ್ನೊಂದು ತಿಂಗಳಲ್ಲಿ ನಡೆದದ್ದನ್ನು ಅಮೆರಿಕದ ಫುಟ್‌ಬಾಲ್ ಪ್ರಿಯರು ಸುಲಭವಾಗಿ ಮರೆಯಲಾರರು. ಬಾರ್ಕ್ಲಿ 16 ಪಂದ್ಯಗಳಲ್ಲಿ 2,005 ಯಾರ್ಡ್ ಓಡಿದರು. ಲೀಗ್‌ನ ಚರಿತ್ರೆಯಲ್ಲಿ ಒಂದು ಋತುವಿನಲ್ಲಿ ಎರಡು ಸಾವಿರ ದಾಟಿದ ಒಂಬತ್ತನೆಯ ಆಟಗಾರ ಅವರು. ಪ್ಲೇಆಫ್ ಪಂದ್ಯಗಳನ್ನೂ ಸೇರಿಸಿದರೆ 2,504 ಯಾರ್ಡ್, ಅದೂ ಒಂದು ದಾಖಲೆ. 2025ರ ಫೆಬ್ರವರಿ 9ರಂದು, ತಮ್ಮ 28ನೆಯ ಹುಟ್ಟುಹಬ್ಬದ ದಿನವೇ, ಅವರು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದರು. ಅದೇ ಋತುವಿನಲ್ಲಿ ಜೈಂಟ್ಸ್ ಗೆದ್ದದ್ದು 17ರಲ್ಲಿ 3 ಪಂದ್ಯ. ಇದನ್ನು ಒಬ್ಬ ಜನರಲ್ ಮ್ಯಾನೇಜರ್‌ನ ದಡ್ಡತನದ ಕಥೆಯಾಗಿ ಹೇಳುವುದೇ ರೂಢಿಯಾಗಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಮೂವತ್ತು ವರ್ಷಗಳಿಂದ ಬೇರೂರಿದ ಒಂದು ಪದ್ಧತಿ ಹೇಗೆ ನಡೆಯಬೇಕೋ ಹಾಗೆಯೇ ಜೈಂಟ್ಸ್ ನಡೆದುಕೊಂಡಿತು. ರನ್ನಿಂಗ್ ಬ್ಯಾಕ್‌ನ ಬೆಲೆಯನ್ನು ಇಳಿಸಿದ್ದರಲ್ಲಿ ಅವನ ಆಟಕ್ಕಿಂತ ಲೀಗ್‌ನ ನಿಯಮಗಳ ಪಾಲೇ ದೊಡ್ಡದು ಎಂಬುದನ್ನು ಬಾರ್ಕ್ಲಿ ಅವರ ಆ ಒಂದು ವರ್ಷ ಎಲ್ಲರ ಕಣ್ಣಿಗೆ ಬೀಳುವಂತೆ ತೋರಿಸಿತು.

ಈ ಆಟ ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ದೂರಕ್ಕೆ ಎಸೆಯಬಹುದು, ಇಲ್ಲವೇ ಹಿಂದೆ ನಿಂತ ರನ್ನಿಂಗ್ ಬ್ಯಾಕ್‌ನ ಕೈಗೆ ಕೊಡಬಹುದು. ಕೊಟ್ಟರೆ ಅವನು ತನ್ನ ಲೈನ್‌ನ ಐವರು ದೈತ್ಯರು ತೆರೆದ ಸಂದಿಯಲ್ಲಿ ನುಗ್ಗಿ ಓಡಬೇಕು. ಸಂದಿ ಮುಚ್ಚಿಹೋದರೆ ಎದುರಾಳಿಗಳು ಮೈಮೇಲೆ ಬೀಳುತ್ತಾರೆ. ಋತುವೊಂದರಲ್ಲಿ ಇನ್ನೂರು ಮುನ್ನೂರು ಸಲ ಹೀಗೆ ನೆಲಕ್ಕೆ ಬೀಳುವುದು ಅವನ ಕಸುಬಿನ ಭಾಗ. ಒಂದು ಕಾಲದಲ್ಲಿ ಈ ಕಸುಬೇ ಆಟದ ನಡುಗಂಬವಾಗಿತ್ತು. ಕ್ಲೀವ್‌ಲ್ಯಾಂಡ್‌ನ ಜಿಮ್ ಬ್ರೌನ್ 1957ರಿಂದ 1965ರವರೆಗೆ ಆಡಿದ ಒಂಬತ್ತು ಋತುಗಳ ಪೈಕಿ ಎಂಟರಲ್ಲಿ ಓಟದಲ್ಲಿ ಲೀಗ್‌ಗೇ ಮೊದಲಿಗರಾಗಿದ್ದರು. 1978ರಲ್ಲಿ ನಿಯಮಗಳು ಬದಲಾದವು. ಚೆಂಡು ಹಿಡಿಯಲು ಓಡುವವನನ್ನು ಐದು ಯಾರ್ಡ್‌ಗಳಾಚೆ ತಳ್ಳುವಂತಿಲ್ಲ ಎಂದಾಯಿತು, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಲೈನ್‌ಮನ್‌ಗಳಿಗೆ ಕೈ ಚಾಚಿ ತಡೆಯುವ ಅನುಮತಿ ಸಿಕ್ಕಿತು. ಎಸೆತ ಸುಲಭವಾಯಿತು, ಲಾಭದಾಯಕವೂ ಆಯಿತು. ಓಟ ನಿಧಾನವಾಗಿ ಎರಡನೆಯ ಸ್ಥಾನಕ್ಕೆ ಸರಿಯಿತು. 1984ರಲ್ಲಿ ಎರಿಕ್ ಡಿಕರ್ಸನ್ 2,105 ಯಾರ್ಡ್ ಓಡಿ ಇಂದಿಗೂ ಮುರಿಯದ ದಾಖಲೆ ಬರೆದದ್ದು ಈ ಬದಲಾವಣೆಯ ನಂತರವೇ ಆದರೂ ಗಾಳಿ ಬೀಸುವ ದಿಕ್ಕು ಆಗಲೇ ತಿರುಗಿತ್ತು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 2013ರಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗಲಿಲ್ಲ. 1963ರ ನಂತರ ಹಾಗಾದದ್ದು ಅದೇ ಮೊದಲು.

ಆಟದ ಸ್ವರೂಪ ಬದಲಾಯಿತು, ಬೆಲೆ ಇಳಿಯಿತು, ಇದರಲ್ಲಿ ಅನ್ಯಾಯವೇನು ಎಂದು ಕೇಳಬಹುದು. ಇಳಿಕೆಯ ಒಂದು ಪಾಲಿಗೆ ಅದು ನಿಜವಾದ ಕಾರಣವೇ. ಉಳಿದ ಪಾಲಿನ ಕಾರಣ ತಿಳಿಯಬೇಕಾದರೆ ಆಟಗಾರರು ತಂಡ ಬದಲಿಸುವ ಹಕ್ಕಿನ ಚರಿತ್ರೆಯನ್ನು ನೋಡಬೇಕು. ಬಹುಕಾಲ ಆ ಹಕ್ಕು ಹೆಸರಿಗಷ್ಟೇ ಇತ್ತು. 1963ರಲ್ಲಿ ಲೀಗ್‌ನ ಕಮಿಷನರ್ ಪೀಟ್ ರೋಜೆಲ್ ತಂದ ನಿಯಮದಂತೆ, ಒಪ್ಪಂದ ಮುಗಿದ ಆಟಗಾರನನ್ನು ಸೇರಿಸಿಕೊಳ್ಳುವ ತಂಡ ಅವನ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಎಷ್ಟು ಎಂಬುದನ್ನು ಕಮಿಷನರೇ ನಿರ್ಧರಿಸುತ್ತಿದ್ದರು. ತೆರಬೇಕಾದ ಬೆಲೆ ಮೊದಲೇ ತಿಳಿಯದಿದ್ದಾಗ ಯಾವ ತಂಡ ತಾನೇ ಮುಂದೆ ಬಂದೀತು? ಆಟಗಾರ ಜಾನ್ ಮ್ಯಾಕಿ ಮತ್ತು ಸಂಗಡಿಗರು ನ್ಯಾಯಾಲಯಕ್ಕೆ ಹೋಗಿ 1976ರಲ್ಲಿ ಗೆದ್ದರು, ಆದರೆ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಮರುವರ್ಷದ ಒಪ್ಪಂದದಲ್ಲಿ ಪರಿಹಾರದ ಪದ್ಧತಿ ಇನ್ನೊಂದು ರೂಪದಲ್ಲಿ ಮರಳಿತು. 1989ರಲ್ಲಿ ಬಂದ 'ಪ್ಲ್ಯಾನ್ ಬಿ' ಪ್ರತಿ ತಂಡಕ್ಕೂ 37 ಆಟಗಾರರನ್ನು ಕಾದಿಟ್ಟುಕೊಳ್ಳಲು ಬಿಟ್ಟಿತು. ಸ್ವಾತಂತ್ರ್ಯ ಸಿಕ್ಕಿದ್ದು ತಂಡಕ್ಕೆ ಅಷ್ಟಾಗಿ ಬೇಡವಾದ ಉಳಿದವರಿಗೆ. ಅದನ್ನು ಕೆಡವಿದ ಮೊಕದ್ದಮೆಯ ಶಿರೋನಾಮೆಯಲ್ಲಿರುವುದು ಒಬ್ಬ ರನ್ನಿಂಗ್ ಬ್ಯಾಕ್‌ನ ಹೆಸರು. ಜೈಂಟ್ಸ್ ಜೊತೆ ಒಂದೇ ಕ್ರೀಡಾಂಗಣ ಹಂಚಿಕೊಂಡಿದ್ದ ಜೆಟ್ಸ್ ತಂಡದ ಫ್ರೀಮನ್ ಮೆಕ್‌ನೀಲ್ ಅವರು. 1992ರ ಸೆಪ್ಟೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಆಟಗಾರರ ಪರ ತೀರ್ಪು ಕೊಟ್ಟಿತು. ಮೆಕ್‌ನೀಲ್ ಆಡಿದ ಕೊನೆಯ ಋತುವೂ ಅದೇ.

ಆ ತೀರ್ಪಿನ ಒತ್ತಡದಲ್ಲಿ 1993ರಲ್ಲಿ ಹೊಸ ಒಪ್ಪಂದವಾಯಿತು. ಒಪ್ಪಂದ ಮುಗಿದ ಆಟಗಾರನಿಗೆ ಫ್ರೀ ಏಜೆಂಟ್ ಆಗಿ ಬೇರೆ ತಂಡ ಸೇರುವ ನಿಜವಾದ ಹಕ್ಕು ಸಿಕ್ಕಿತು. ಜೊತೆಗೇ ತಂಡಗಳಿಗೆ ಎರಡು ಆಯುಧಗಳೂ ಸಿಕ್ಕವು. ಒಂದು, 1994ರಿಂದ ಜಾರಿಗೆ ಬಂದ ಸಂಬಳದ ಒಟ್ಟು ಮಿತಿ. ಇನ್ನೊಂದು, ಫ್ರಾಂಚೈಸ್ ಟ್ಯಾಗ್. ಒಪ್ಪಂದ ಮುಗಿದವರ ಪೈಕಿ ಒಬ್ಬನಿಗೆ ತಂಡ ಈ ಟ್ಯಾಗ್ ಹಾಕಿದರೆ, ಆ ಸ್ಥಾನಕ್ಕೆ ಗೊತ್ತುಮಾಡಿದ ಸಂಬಳ ಕೊಟ್ಟು ಅವನನ್ನು ಮತ್ತೊಂದು ವರ್ಷ ಇರಿಸಿಕೊಳ್ಳಬಹುದು. 2011ರ ಒಪ್ಪಂದ ಇದಕ್ಕೆ ಮೂರನೆಯದನ್ನು ಸೇರಿಸಿತು. ಡ್ರಾಫ್ಟ್‌ನಲ್ಲಿ ಬಂದ ಹುಡುಗನ ಸಂಬಳ ನಾಲ್ಕು ವರ್ಷ ಒಂದು ಪಟ್ಟಿಯ ಪ್ರಕಾರ ನಡೆಯಬೇಕು. ಮೊದಲ ಸುತ್ತಿನವನಾದರೆ ಐದನೆಯ ವರ್ಷವನ್ನೂ ಸೇರಿಸಿಕೊಳ್ಳುವ ಅಧಿಕಾರ ತಂಡದ್ದು. ಹೈಸ್ಕೂಲು ಮುಗಿದು ಮೂರು ವರ್ಷವಾಗದೆ ಯಾರೂ ಲೀಗ್‌ಗೆ ಬರುವಂತಿಲ್ಲ. ಐಪಿಎಲ್ ಹರಾಜಿನಲ್ಲಿ ಹೊಸ ಹುಡುಗನಿಗಾಗಿಯೂ ಹತ್ತು ತಂಡಗಳು ಬೆಲೆ ಕೂಗಬಹುದು, ಇಲ್ಲಿ ಆಯ್ಕೆ ಮಾಡಿದ ಒಂದು ತಂಡದ ಜೊತೆ ಮಾತ್ರ ಮಾತು. ಇವೆಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ, 21ಕ್ಕೆ ಲೀಗ್ ಸೇರಿದ ಮೊದಲ ಸುತ್ತಿನ ಆಟಗಾರ ತನ್ನ ಬೆಲೆಯನ್ನು ಮಾರುಕಟ್ಟೆಯಲ್ಲಿ ಕೇಳುವ ಹೊತ್ತಿಗೆ 27 ಆಗಿರಬಹುದು. ಮೂವತ್ತೈದು ದಾಟಿಯೂ ಆಡಬಲ್ಲ ಕ್ವಾರ್ಟರ್‌ಬ್ಯಾಕ್‌ಗೆ ಅದು ಆರಂಭದ ವಯಸ್ಸು. ರನ್ನಿಂಗ್ ಬ್ಯಾಕ್‌ಗೆ ಆಗಲೇ 'ಕಾಲು ಸೋತಿತು' ಎಂಬ ಮಾತು ಕೇಳಿಸುತ್ತದೆ. ಬೇರಾವ ಸ್ಥಾನದಲ್ಲೂ ಅಗ್ಗದ ವರ್ಷಗಳು ಮತ್ತು ಉಚ್ಛ್ರಾಯದ ವರ್ಷಗಳು ಇಷ್ಟು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂರುವುದಿಲ್ಲ.

ಬಾರ್ಕ್ಲಿ ಅವರ ದಾರಿ ಈ ಪಟ್ಟಿಯನ್ನು ತಪ್ಪದೆ ಅನುಸರಿಸಿತು. 2018ರ ಡ್ರಾಫ್ಟ್‌ನಲ್ಲಿ ಎರಡನೆಯ ಆಯ್ಕೆಯಾಗಿ ಬಂದ ವರ್ಷವೇ ಓಟ ಮತ್ತು ಹಿಡಿತ ಸೇರಿ 2,028 ಯಾರ್ಡ್. 2020ರಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. 2022ರಲ್ಲಿ, ಅದೇ ಐದನೆಯ ವರ್ಷದಲ್ಲಿ, 1,312 ಯಾರ್ಡ್ ಓಡಿ ತಂಡವನ್ನು ಪ್ಲೇಆಫ್‌ಗೆ ಒಯ್ದರು. 2023ರಲ್ಲಿ ಬಂದದ್ದು ಟ್ಯಾಗ್. ಅದರ ಮೊತ್ತವೇ ನನ್ನ ವಾದಕ್ಕೆ ಬಲವಾದ ಸಾಕ್ಷಿ. 2017ರಲ್ಲಿ ರನ್ನಿಂಗ್ ಬ್ಯಾಕ್‌ನ ಟ್ಯಾಗ್ ಮೊತ್ತ 1.21 ಕೋಟಿ ಡಾಲರ್ ಇತ್ತು, 2023ರಲ್ಲಿ ಅದು 1.01 ಕೋಟಿಗೆ ಇಳಿದಿತ್ತು. ಅದೇ ಆರು ವರ್ಷಗಳಲ್ಲಿ ಪ್ರತಿ ತಂಡದ ಸಂಬಳದ ಮಿತಿ 16.7 ಕೋಟಿಯಿಂದ 22.48 ಕೋಟಿಗೆ ಏರಿತ್ತು. ಟ್ಯಾಗ್‌ನ ಮೊತ್ತ ಹಿಂದಿನ ಮೊತ್ತಗಳ ಮೇಲೆ ನಿಂತಿರುವುದರಿಂದ, ಈ ವರ್ಷ ಕಡಿಮೆ ಕೊಟ್ಟದ್ದೇ ಮುಂದಿನ ವರ್ಷ ಕಡಿಮೆ ಕೊಡಲು ಕಾರಣವಾಗುತ್ತದೆ. ಆ ವಸಂತದಲ್ಲಿ ಜೈಂಟ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಡ್ಯಾನಿಯಲ್ ಜೋನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಬರೆದುಕೊಟ್ಟಿತು. ಮರುವರ್ಷ ಬಾರ್ಕ್ಲಿ ಹೊರಡುವ ಮಾತು ನಡೆದಾಗ, ಅವರು ಫಿಲಡೆಲ್ಫಿಯಾಗೆ ಹೋದರೆ ತನಗೆ ನಿದ್ದೆ ಹತ್ತುವುದು ಕಷ್ಟ ಎಂಬರ್ಥದ ಮಾತನ್ನು ಮಾಲೀಕ ಜಾನ್ ಮಾರಾ ಜನರಲ್ ಮ್ಯಾನೇಜರ್ ಜೋ ಶೇನ್ ಅವರಿಗೆ ಹೇಳಿದ್ದು ಟೆಲಿವಿಷನ್ ಸಾಕ್ಷ್ಯಚಿತ್ರವೊಂದರಲ್ಲಿ ದಾಖಲಾಗಿದೆ. ಮನಸ್ಸು ಎಚ್ಚರಿಸಿತ್ತು, ಆದರೂ ರೂಢಿಯ ಲೆಕ್ಕವೇ ಗೆದ್ದಿತು. ಮಾಲೀಕನಿಗೇ ತನ್ನ ಅಳುಕಿಗಿಂತ ಪದ್ಧತಿ ದೊಡ್ಡದಾಗಿ ಕಂಡಿತು ಎಂದರೆ ಅದರ ಬೇರು ಎಷ್ಟು ಆಳಕ್ಕಿಳಿದಿರಬೇಕು.

ಜೈಂಟ್ಸ್ ಪರವಾಗಿ ಹೇಳುವವರ ಬಳಿ ಗಟ್ಟಿ ಉದಾಹರಣೆಗಳಿವೆ, ಅವನ್ನು ತಳ್ಳಿಹಾಕಲಾಗದು. 2014ರಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಡಿಮಾರ್ಕೊ ಮರ್ರಿ 392 ಸಲ ಚೆಂಡು ಹೊತ್ತು 1,845 ಯಾರ್ಡ್ ಓಡಿ ಲೀಗ್‌ಗೇ ಮೊದಲಿಗರಾದರು. ಡಲ್ಲಾಸ್ ಅವರನ್ನು ಬಿಟ್ಟಿತು. ಅವರನ್ನು ಕೊಂಡದ್ದೂ ಇದೇ ಈಗಲ್ಸ್, ಆಗ ಅವರಿಗೂ 27 ವರ್ಷ. ಮರುವರ್ಷ ಓಡಿದ್ದು 702 ಯಾರ್ಡ್ ಮಾತ್ರ. ಲಾಸ್ ಏಂಜಲೀಸ್ ರ‍್ಯಾಮ್ಸ್ 2018ರಲ್ಲಿ ಟಾಡ್ ಗರ್ಲಿ ಅವರಿಗೆ ದೊಡ್ಡ ಒಪ್ಪಂದ ಕೊಟ್ಟು 2020ರಲ್ಲೇ ಬಿಡಬೇಕಾಯಿತು. ಡಲ್ಲಾಸ್ 2019ರಲ್ಲಿ ಎಜೆಕೀಲ್ ಎಲಿಯಟ್ ಅವರಿಗೆ ಆರು ವರ್ಷಕ್ಕೆ 9 ಕೋಟಿ ಡಾಲರ್ ಕೊಟ್ಟು 2023ರಲ್ಲಿ ಕೈಬಿಟ್ಟಿತು. ಇಷ್ಟು ಕಂಡ ಮೇಲೂ ಇನ್ನೊಬ್ಬ ರನ್ನಿಂಗ್ ಬ್ಯಾಕ್‌ಗೆ ಹಣ ಸುರಿಯುವುದು ಜಾಣತನವೇ? ಈ ಪ್ರಶ್ನೆಗೆ ಉತ್ತರ ಆ ಉದಾಹರಣೆಗಳ ಒಳಗೇ ಇದೆ. ಗರ್ಲಿ, ಎಲಿಯಟ್ ಇಬ್ಬರೂ ತಮ್ಮ ಮೊದಲ ಒಪ್ಪಂದದ ವರ್ಷಗಳಲ್ಲೇ ಲೀಗ್‌ನ ಅಗ್ರ ಓಟಗಾರರಾಗಿದ್ದವರು, ಎಲಿಯಟ್ ಅಂತೂ 2016 ಮತ್ತು 2018ರಲ್ಲಿ ಎಲ್ಲರಿಗಿಂತ ಹೆಚ್ಚು ಓಡಿದವರು. ದೇಹ ಸವೆದದ್ದು ಅಗ್ಗದ ವರ್ಷಗಳಲ್ಲಿ, ಹಣ ಬಂದದ್ದು ಸವೆದ ಮೇಲೆ. ದುಡಿಸಿಕೊಂಡ ಕಾಲಕ್ಕೂ ಸಂಬಳ ಕೊಟ್ಟ ಕಾಲಕ್ಕೂ ನಡುವೆ ನಿಯಮಗಳೇ ಅಂತರ ತಂದಿಟ್ಟು, ಆ ಅಂತರದಲ್ಲಿ ಆದ ನಷ್ಟವನ್ನು ಆಟಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮರ್ರಿ ಅವರ ಕಥೆಗೂ ಒಂದು ಮುಂದುವರಿಕೆಯಿದೆ. ಫಿಲಡೆಲ್ಫಿಯಾ ಬಿಟ್ಟು ಟೆನೆಸ್ಸಿ ಸೇರಿದ 2016ರಲ್ಲಿ ಅವರು 1,287 ಯಾರ್ಡ್ ಓಡಿದರು. ಕಾಲು ಸೋತಿರಲಿಲ್ಲ, ನಡುವಿನ ಆ ವರ್ಷ ಆಡಿದ ತಂಡ ಅವರಿಗೆ ಹೊಂದಲಿಲ್ಲ.

ಓಡಿದ್ದು ಬಾರ್ಕ್ಲಿ ಅಲ್ಲ, ಈಗಲ್ಸ್‌ನ ಲೈನ್ ಎಂಬುದು ಇನ್ನೊಂದು ಆಕ್ಷೇಪ. ಜೋರ್ಡನ್ ಮೈಲಾಟಾ, ಲೇನ್ ಜಾನ್ಸನ್ ಅಂಥವರು ಎದುರಿಗೆ ದಾರಿ ಬಿಡಿಸುತ್ತಿದ್ದರೆ ಯಾರು ಬೇಕಾದರೂ ಓಡಿಯಾರು ಎನ್ನುತ್ತಾರೆ. ಅದೃಷ್ಟವಶಾತ್ ಇದನ್ನು ಒರೆಗೆ ಹಚ್ಚಿ ನೋಡಬಹುದು. ಹಿಂದಿನ ವರ್ಷ, 2023ರಲ್ಲಿ, ಜೇಸನ್ ಕೆಲ್ಸಿ ಇನ್ನೂ ನಿವೃತ್ತರಾಗದೆ ಆ ಲೈನ್‌ನ ನಡುವೆ ನಿಂತಿದ್ದಾಗ, ಡಿಆಂಡ್ರೆ ಸ್ವಿಫ್ಟ್ ಎಂಬ ಒಳ್ಳೆಯ ಓಟಗಾರರು ಅದರ ಹಿಂದೆ 1,049 ಯಾರ್ಡ್ ಓಡಿದರು, ಪ್ರತಿ ಓಟಕ್ಕೆ ಸರಾಸರಿ 4.6 ಯಾರ್ಡ್. ಬಾರ್ಕ್ಲಿ 345 ಓಟಗಳಲ್ಲಿ ಸರಾಸರಿ 5.8 ಗಳಿಸಿದರು. ಕೆಲ್ಸಿ ಇಲ್ಲದ ಲೈನ್‌ನ ಹಿಂದೆ ಬಂದ ಈ ಹೆಚ್ಚಳದಲ್ಲಿ ಓಡಿದವನ ಪಾಲು ಕಾಣದೆ ಇರದು. ಅಷ್ಟೇ ಅಲ್ಲ, ಲೈನ್‌ನ ವಾದ ಜೈಂಟ್ಸ್‌ಗೇ ತಿರುಗಿ ಹೊಡೆಯುತ್ತದೆ. ಆರು ವರ್ಷ ಹರಕು ಲೈನ್‌ನ ಹಿಂದೆ ಓಡಿಸಿ, ಆ ಅಂಕಿಗಳನ್ನೇ ಹಿಡಿದು ಅವರ ಬೆಲೆ ಕಟ್ಟಿದ್ದು ತಾನೇ ಅಲ್ಲವೇ? ಬಾರ್ಕ್ಲಿ ಒಬ್ಬರೇ ಹೀಗಾಗಿದ್ದರೆ ಅಪವಾದ ಎನ್ನಬಹುದಿತ್ತು. ಅದೇ 2024ರ ವಸಂತದಲ್ಲಿ ಟೆನೆಸ್ಸಿಯಿಂದ ಹೊರಬಂದ ಡೆರಿಕ್ ಹೆನ್ರಿ ತಮ್ಮ ಮೂವತ್ತನೆಯ ವಯಸ್ಸಿನಲ್ಲಿ ಬಾಲ್ಟಿಮೋರ್‌ಗಾಗಿ 1,921 ಯಾರ್ಡ್ ಓಡಿದರು. ಲಾಸ್ ವೇಗಸ್‌ನಿಂದ ಹೊರಬಂದ ಜೋಶ್ ಜೇಕಬ್ಸ್ ಗ್ರೀನ್ ಬೇಗಾಗಿ 1,329 ಯಾರ್ಡ್ ಓಡಿದರು. ಒಂದೇ ವಸಂತದಲ್ಲಿ ಮೂರು ತಂಡಗಳು ಬಿಟ್ಟುಕೊಟ್ಟ ಮೂವರೂ ಹೊಸ ತಂಡಗಳ ಬೆನ್ನೆಲುಬಾದರು.

ಬಾರ್ಕ್ಲಿ ಉಳಿದಿದ್ದರೂ ಜೈಂಟ್ಸ್ ಸೋಲುತ್ತಿತ್ತು ಎನ್ನುವವರ ಮಾತು ನಿಜವೇ. ಅವರಿದ್ದ 2023ರಲ್ಲೂ ತಂಡ 6 ಪಂದ್ಯ ಗೆದ್ದು 11 ಸೋತಿತ್ತು. ಆದರೆ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನಕ್ಕೆ ಬೆಲೆ ಕಟ್ಟಿ ಕೊಟ್ಟ 16 ಕೋಟಿಯ ಒಪ್ಪಂದ ಎರಡು ವರ್ಷವೂ ಬಾಳದೆ, 2024ರ ನವೆಂಬರ್‌ನಲ್ಲಿ ಜೋನ್ಸ್ ಅವರನ್ನೂ ಬಿಡಲಾಯಿತು. ತಪ್ಪು ಎಣಿಕೆ ಯಾವ ಸ್ಥಾನದಲ್ಲಾದರೂ ಆಗಬಹುದು. 'ಕ್ವಾರ್ಟರ್‌ಬ್ಯಾಕ್‌ಗಳಿಗೆ ಹಣ ಕೊಡಬಾರದು' ಎಂದು ಅದರಿಂದ ಯಾರೂ ತೀರ್ಮಾನಿಸಲಿಲ್ಲ, ಗರ್ಲಿ ಮತ್ತು ಎಲಿಯಟ್ ಅವರಿಂದ ಮಾತ್ರ ಇಡೀ ಕಸುಬಿಗೆ ಪಾಠ ಕಲಿಸಲಾಯಿತು. 2025ರಲ್ಲಿ ಬಾರ್ಕ್ಲಿ ಅವರ ಓಟ ಹಿಂದಿನ ವರ್ಷಕ್ಕಿಂತ ಬಹಳ ಇಳಿದದ್ದನ್ನೂ ತೋರಿಸುತ್ತಾರೆ. ಇಳಿಯಲೇಬೇಕು, ಅಷ್ಟು ಪೆಟ್ಟು ತಿಂದ ದೇಹ ಪ್ರತಿ ವರ್ಷ ಎರಡು ಸಾವಿರ ಕೊಡುವುದಿಲ್ಲ. ಆಯುಸ್ಸು ಇಷ್ಟು ಚಿಕ್ಕದಾದ ಕಸುಬಿನಲ್ಲಿ ಗಳಿಕೆಯ ವರ್ಷಗಳನ್ನು ಮುಂದೂಡುವುದೇ ತಪ್ಪು ಎಂದು ನಾನು ಹೇಳುತ್ತಿರುವುದೂ ಅದಕ್ಕಾಗಿಯೇ. ಬಾರ್ಕ್ಲಿ ಎರಡನೆಯ ಆಯ್ಕೆಯಾಗಿ ಬಂದವರಾದ್ದರಿಂದ ಮೊದಲ ನಾಲ್ಕು ವರ್ಷಕ್ಕೇ ಮೂರು ಕೋಟಿ ಡಾಲರ್‌ಗಿಂತ ಹೆಚ್ಚು ಪಡೆದರು, ಅವರ ಬಗ್ಗೆ ಮರುಕಪಡಬೇಕಿಲ್ಲ. ಐದನೆಯ, ಆರನೆಯ ಸುತ್ತಿನಲ್ಲಿ ಬಂದು, ಎರಡು ಋತು ಓಡಿ, ಮೊಣಕಾಲು ಕಳೆದುಕೊಂಡು ಊರಿಗೆ ಮರಳುವ ಹುಡುಗನ ಮೇಲೆ ಇದೇ ಪದ್ಧತಿಯ ಪೂರ್ತಿ ಭಾರ ಬೀಳುತ್ತದೆ.

ಇದಕ್ಕೆಲ್ಲ ಆಟಗಾರರ ಸಂಘವೇ ಸಹಿ ಹಾಕಿದೆಯಲ್ಲ ಎಂಬುದು ಕೊನೆಯ ಮಾತು. ಹೌದು, ಹಾಕಿದೆ. ಆದರೆ ಸಂಘದಲ್ಲಿ ರನ್ನಿಂಗ್ ಬ್ಯಾಕ್‌ಗಳು ಬೆರಳೆಣಿಕೆಯವರು, ಉಳಿದ ಸ್ಥಾನಗಳವರಿಗೆ ಈ ನಾಲ್ಕೈದು ವರ್ಷ ಅಷ್ಟು ದುಬಾರಿಯಲ್ಲ. 2023ರ ಜುಲೈನಲ್ಲಿ ಬಾರ್ಕ್ಲಿ, ಜೇಕಬ್ಸ್ ಮತ್ತು ಡಲ್ಲಾಸ್‌ನ ಟೋನಿ ಪೊಲಾರ್ಡ್ ಮೂವರೂ ಟ್ಯಾಗ್‌ನಡಿ ಸಿಕ್ಕಿಕೊಂಡಾಗ ರನ್ನಿಂಗ್ ಬ್ಯಾಕ್‌ಗಳು ವಿಡಿಯೊ ಕರೆಯಲ್ಲಿ ಸೇರಿ ಮಾತಾಡಿಕೊಂಡರು. ನಿಯಮ ಬದಲಿಸುವ ದಾರಿ ಮಾತ್ರ ಅವರಿಗೆ ಕಾಣಲಿಲ್ಲ. 2025ರ ಮಾರ್ಚ್‌ನಲ್ಲಿ ಈಗಲ್ಸ್ ಬಾರ್ಕ್ಲಿ ಅವರಿಗೆ ಇನ್ನೆರಡು ವರ್ಷಕ್ಕೆ 4.12 ಕೋಟಿ ಡಾಲರ್ ಕೊಟ್ಟಿತು, ಅವರು ವರ್ಷಕ್ಕೆ ಎರಡು ಕೋಟಿ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಎನಿಸಿದರು. ಒಬ್ಬರಿಗೆ ಸಿಕ್ಕ ಆ ಬೆಲೆಯಿಂದ ಪದ್ಧತಿ ಬದಲಾಗಿಲ್ಲ. ಸಂಘ ಮತ್ತು ಲೀಗ್ ನಡುವೆ 2020ರಲ್ಲಿ ಆದ ಒಪ್ಪಂದ 2030ರ ಋತುವಿನವರೆಗೆ ಜಾರಿಯಲ್ಲಿರುತ್ತದೆ. ಮುಂದಿನ ಮಾತುಕತೆಗೆ ಕೂರುವಾಗ ಆಟಗಾರರ ಸಂಘ ಎರಡು ಬೇಡಿಕೆಗಳನ್ನು ಮೇಜಿನ ಮೇಲಿಡಬೇಕು: ರನ್ನಿಂಗ್ ಬ್ಯಾಕ್‌ಗಳ ಮೊದಲ ಒಪ್ಪಂದ ಮೂರು ವರ್ಷಕ್ಕೆ ಮುಗಿಯಲಿ, ಅವರ ಮೇಲೆ ಫ್ರಾಂಚೈಸ್ ಟ್ಯಾಗ್ ಹಾಕುವ ಅಧಿಕಾರ ಹೋಗಲಿ.